ನೂರಕ್ಕೆ ತೊಂಬತ್ತನಾಲ್ಕು

"ನನ್ನ ರಕ್ತ ವಾಪಸ್ ಕೊಡಿ!" ಎಂದು ಲಾರ್ನ್ ಹ್ರಿಂಚಕ್ ಪ್ರಯೋಗಾಲಯದ ಮೇಜಿನ ಮೇಲೆ, ಅಲ್ಲಿಂದಲೇ ತನಗೆ ಬಂದಿದ್ದ ಪತ್ರವೊಂದನ್ನು ಕುಕ್ಕಿದ. ಅರವತ್ತೆಂಟರ ದಢೂತಿ ಆಳು. ಒಂದು ಕಾಲದಲ್ಲಿ ಕೆನಡಾದ ಸಸ್ಕಟೂನ್ ಬಳಿಯ ತನ್ನೂರಿನ ಐಸ್ ಹಾಕಿ ತಂಡದ ಗೋಲ್‌ಕೀಪರ್.

ವಿಜ್ಞಾನಿ ಆನೆಕ ಫ್ರೀಸನ್ ಕೈಲಿದ್ದ ಕೆಲಸ ಬಿಟ್ಟು ಎದ್ದಳು. ರಕ್ತ ಕೊಟ್ಟ ಹನ್ನೊಂದು ಜನರಲ್ಲಿ ಅವಳ ಔಷಧದ ಅಣುವನ್ನು ಸರಿಯಾಗಿ ನುಂಗಿದ್ದು ಇವನ ರಕ್ಷಣಾ ಕೋಶಗಳು ಮಾತ್ರ. ಇವನು ಒಪ್ಪಿಗೆ ಹಿಂದಕ್ಕೆ ಪಡೆದರೆ ಮೂರು ವರ್ಷದ ಕೆಲಸ ಮಣ್ಣುಪಾಲು.

"ಏನಾಯ್ತು ಲಾರ್ನ್?"

"ಓದಮ್ಮ! 'ನೂರು ಅಣುಗಳಲ್ಲಿ ತೊಂಬತ್ತನಾಲ್ಕು ಒಳಗೆ ಹೋಗಿವೆ.' ನನ್ನ ಹೆಂಡ್ತಿ ಹೆಮ್ಮೆಯಿಂದ ಇದನ್ನ ಆಟದ ಅಂಗಳದ ನೋಟೀಸ್ ಬೋರ್ಡಿಗೆ ಅಂಟಿಸಿಬಿಟ್ಳು. ಅವತ್ತು ಫೈನಲ್‌ನಲ್ಲಿ ನಾನು ಬಿಟ್ಟ ಒಂದೇ ಒಂದು ಗೋಲನ್ನ ಊರು ಇನ್ನೂ ಮರೆತಿಲ್ಲ. ಈಗ ಕಂಡಕಂಡವರೆಲ್ಲ, 'ಏನೋ ಲಾರ್ನ್, ನಿನ್ನ ರಕ್ತಕ್ಕೂ ಗೋಲು ತಡೆಯೋಕೆ ಬರಲ್ವಂತೆ' ಅಂತಾರೆ!"

"ಅಯ್ಯೋ, ಅದು ಹಾಗಲ್ಲ. ಕೋಶದ ಮೈಮೇಲೆಲ್ಲ ಗ್ರಾಹಕಗಳು ಅಂತ ಇರ್ತವೆ. ತಮಗೆ ಹೊಂದೋ ಅಣು ಬಂತೋ, ಗಬಕ್ಕನೆ ಹಿಡಿದು ಒಳಗೆ ಎಳ್ಕೊಳ್ತವೆ. ಅದೇ ಅವುಗಳ ಕೆಲಸ."

ಲಾರ್ನ್‌ನ ದನಿ ಇಳಿಯಿತು. "ಹಿಡೀತಾವಾ? ನಾವು ಕೈಗವಸಲ್ಲಿ ಹಿಡಿದ ಹಾಗೆ?"

"ಹಾಗೇ ಅನ್ನಿ."

"ಮತ್ತೆ ಅದು ಗೋಲು ಹೆಂಗಾಯ್ತು ತಾಯಿ? ಪತ್ರ ತಿದ್ದು!"

ಆನೆಕ 'ಒಳಗೆ ಹೋಗಿವೆ' ಎಂಬುದನ್ನು ಹೊಡೆದು 'ಹಿಡಿಯಲ್ಪಟ್ಟಿವೆ' ಎಂದು ಬರೆದಳು. ಲಾರ್ನ್ ಮೊಹರು ಕೇಳಿದ. ಅದನ್ನೂ ಒತ್ತಿದಳು. ಆಮೇಲೆ ಕಣ್ಣಾರೆ ನೋಡಬೇಕೆಂದು ಹಟ ಹಿಡಿದ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಅವನದೇ ಕೋಶವೊಂದು ಬೂದು ಮುದ್ದೆಯಂತೆ ಕೂತಿತ್ತು. ಬಣ್ಣ ಹಚ್ಚಿದ ಔಷಧದ ಹಸಿರು ಚುಕ್ಕಿಗಳು ಸುತ್ತ ತೇಲುತ್ತಿದ್ದವು.

"ಎಡಕ್ಕೆ! ಎಡಕ್ಕೆ ಬಂತು ನೋಡು!" ಎಂದು ಲಾರ್ನ್ ಕುರ್ಚಿಯಿಂದ ಎದ್ದು ಗೋಲು ಕಾಯುವವನಂತೆ ಮಂಡಿ ಬಾಗಿಸಿದ. ಕೋಶ ಚುಕ್ಕಿಯನ್ನು ಒಳಗೆಳೆದುಕೊಂಡಿತು. ಲಾರ್ನ್ ಶಿಳ್ಳೆ ಹೊಡೆದ. ಗದ್ದಲ ಕೇಳಿ ಪಕ್ಕದ ಪ್ರಯೋಗಾಲಯದವರೂ ಬಂದು ಹಿಂದೆ ನಿಂತರು. ಮತ್ತೊಂದು ಹಿಡಿತ, ಇನ್ನೊಂದು. ಪ್ರತಿ ಸಲವೂ ಚಪ್ಪಾಳೆ. ಆನೆಕಳಿಗೂ ತಡೆಯಲಾಗಲಿಲ್ಲ, ಕುಣಿದಳು.

ಅಷ್ಟರಲ್ಲಿ ಒಂದು ಚುಕ್ಕಿ ಕೋಶದ ಅಂಚನ್ನು ಸವರಿಕೊಂಡು ಜಾರಿಹೋಯಿತು.

"ಛೇ!" ಎಂದಿತು ಇಡೀ ಕೋಣೆ.

ಲಾರ್ನ್ ಮಾತ್ರ ತನ್ನ ದಪ್ಪ ಅಂಗೈಯನ್ನು ಪರದೆಯ ಮೇಲೆ, ಆ ಮುದ್ದೆಯ ಬೆನ್ನಿಗೆಂಬಂತೆ ಇಟ್ಟ.

"ಪಾಪ," ಎಂದ, "ಇನ್ನು ನಲವತ್ತು ವರ್ಷ ಎಲ್ರೂ ಇದೊಂದನ್ನೇ ಕೇಳ್ತಾರೆ."