ಆರನೆಯ ಕಿಟಕಿ

"ಮೇಷ್ಟ್ರೇ, ನಮ್ಮ ಆರು ಜನದಲ್ಲಿ ಒಬ್ಬರು ಮನುಷ್ಯರೇ ಅಲ್ಲ."

ಲಿಫ್ಟ್ ಮೆಕ್ಯಾನಿಕ್ ಹೀಗೆಂದದ್ದೇ ತಡ, ಪರದೆಯ ಮೇಲಿದ್ದ ನಾಲ್ಕು ಮುಖಗಳು ಕಕ್ಕಾಬಿಕ್ಕಿಯಾದವು. ಐದನೆಯದು ಅವನದೇ. ಆರನೆಯ ಕಿಟಕಿ ಎಂದಿನಂತೆ ಕಪ್ಪಗಿತ್ತು. ಅದರ ಕೆಳಗೆ ಒಂದೇ ಹೆಸರು: ಮೌನಿ.

ಹನ್ನೊಂದು ವಾರದಿಂದ, ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಮೇಷ್ಟ್ರು ಕಟ್ಟಿದ ಈ ಗುಂಪಿನವರೆಲ್ಲ ಆನ್‌ಲೈನಿನಲ್ಲಿ ಕೂಡುತ್ತಿದ್ದರು. ಮನುಷ್ಯನ ಹಾಗೆ ಯಾವ ಕೆಲಸವನ್ನಾದರೂ ತಾನೇ ಕಲಿಯಬಲ್ಲ ಕೃತಕ ಬುದ್ಧಿಯ ವಿನ್ಯಾಸದ ಕುರಿತ ಪುಸ್ತಕವೊಂದನ್ನು ಅಧ್ಯಾಯದ ಮೇಲೆ ಅಧ್ಯಾಯ ಓದುತ್ತಿದ್ದರು. ವಾರವಿಡೀ ಗ್ರೀಸು ಮೆತ್ತಿಕೊಳ್ಳುವ ಮೆಕ್ಯಾನಿಕ್‌ಗೆ ತನ್ನ ಮಾತಿಗೆ ತಲೆದೂಗುವ ಜಾಗ ಎಂದರೆ ಅದೊಂದೇ.

ಆ ದಿನವೂ ಅವನು ಹೆಡ್‌ಫೋನು ಏರಿಸುವಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಸೋರೋ ನಲ್ಲಿಗೆ ಹಸಿರು ಬಟ್ಟೆ ಸುತ್ತಿ ಸುತ್ತಿ ಸಾಕಾಯ್ತು. ಇವತ್ತಾದ್ರೂ ನೋಡ್ತೀರಾ?"

"ಹೂಂ."

"ಏನಂದೆ ಹೇಳಿ?"

"ಹೂಂ."

ಅವಳು ನಕ್ಕು ಬಾಗಿಲೆಳೆದುಕೊಂಡು ಹೋದಳು. ಅವನ ತಲೆಯ ತುಂಬ ಮೌನಿಯೇ ಇತ್ತು.

"ಸುಮ್ನೆ ಹೇಳ್ತಿಲ್ಲ, ಮೇಷ್ಟ್ರೇ," ಎಂದು ಅವನು ಈಗ ಮಾತು ಮುಂದುವರಿಸಿದ. "ಲಿಫ್ಟು ಎಲ್ಲಿ ಕೆಟ್ಟಿದೆ ಅಂತ ಸದ್ದು ಕೇಳಿಯೇ ಹೇಳೋನು ನಾನು. ಈ ಮೌನಿ ಮುಖ ತೋರ್ಸಲ್ಲ, ಬಾಯಿ ಬಿಡಲ್ಲ, ಬರೀ ಬರೆಯುತ್ತೆ. ಮೂರನೇ ವಾರ ನಾನಾಡಿದ ಮಾತನ್ನ ಒಂಬತ್ತನೇ ವಾರ ಚಾಚೂ ತಪ್ಪದೆ ನನಗೇ ಒಪ್ಪಿಸುತ್ತೆ. ನಾನು ಊರಲ್ಲಿಲ್ಲದೆ ತಪ್ಪಿಸಿಕೊಂಡ ವಾರ ಅದೂ ಪತ್ತೆ ಇರ್ಲಿಲ್ಲ ಅಂತ ನೀವೇ ಹೇಳಿದ್ರಿ. ನನ್ನನ್ನ ನೋಡಿ ಕಲೀಲಿ ಅಂತಲೇ ಯಾರೋ ಬಿಟ್ಟಿರೋ ಯಂತ್ರ ಇದು!"

"ಪಾಪ, ನಾಚಿಕೆ ಸ್ವಭಾವ ಇರಬಹುದು, ಬಿಡಣ್ಣ," ಎಂದಳು ಗುಂಪಿನ ನರ್ಸಕ್ಕ.

"ಬಿಡೋ ಮಾತೇ ಇಲ್ಲ. ಯಂತ್ರ ಆದ್ರೆ ಅದು ಹೊರಗೆ. ಮನುಷ್ಯರಾದ್ರೆ ನಾನೇ ಇವತ್ತಿಗೆ ಗುಂಪು ಬಿಡ್ತೀನಿ."

"ಯೋಚ್ನೆ ಮಾಡಿ ಮಾತಾಡಪ್ಪ," ಎಂದರು ಮೇಷ್ಟ್ರು. "ಭಾನುವಾರ ಬಂದ್ರೆ ನಿನಗೆ ಬೇರೆ ದಿಕ್ಕಿಲ್ಲ."

ಅವನಿಗೂ ಒಳಗೊಳಗೇ ಅಳುಕು. ಆದರೆ ಆಡಿದ್ದಾಗಿತ್ತು.

ಅಷ್ಟರಲ್ಲಿ ಪರದೆಯ ಬದಿಯಲ್ಲಿ ಮೌನಿಯ ಸಾಲು ಮೂಡಿತು: "ಒಂದು ಸಂದೇಹ. ಎದುರಿಗಿರೋರು ಏನು ಕೇಳಿದ್ರೂ ಕಿವಿಗೆ ಹಾಕ್ಕೊಳ್ಳದೆ ಒಂದೇ ಉತ್ತರ ಕೊಡ್ತಾ ಇದ್ರೆ, ಅದು ಯಂತ್ರವೋ ಮನುಷ್ಯನೋ?"

"ಯಂತ್ರ!" ಮೆಕ್ಯಾನಿಕ್ ಮೇಜು ಗುದ್ದಿದ. "ಅದೂ ಕೆಟ್ಟು ಕೂತ ಯಂತ್ರ!"

"ಖಂಡಿತಾನಾ?"

"ಬರೆದುಕೊಡ್ತೀನಿ. ಈಗ ಮಾತು ತಿರುಗಿಸಬೇಡ, ಕ್ಯಾಮೆರಾ ಹಾಕು!"

ನರ್ಸಕ್ಕ ಕನ್ನಡಕ ಸರಿಪಡಿಸಿಕೊಂಡಳು.

ಕಪ್ಪು ಕಿಟಕಿ ಬೆಳಗಿತು. ಮೊದಲು ಕಂಡದ್ದು ಹಸಿರು ಬಟ್ಟೆ ಸುತ್ತಿದ, ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿ.

"ರೀ, ಗುಂಪೇನೂ ಬಿಡಬೇಡಿ," ಎಂದಿತು ಮೌನಿ, ಹನ್ನೊಂದು ವಾರದಲ್ಲಿ ಮೊದಲ ಸಲ ಬಾಯಿಬಿಟ್ಟು. "ಸ್ಪ್ಯಾನರ್ ತಗೊಂಡು ಅಡುಗೆಮನೆಗೆ ಬನ್ನಿ."