ನೀರೊಳಗಿನ ಚಿತೆ

ದಾವಣಗೆರೆಯಲ್ಲಿ ಕಟ್ಟಿಗೆಯ ಚಿತೆ ನಿಂತುಹೋಗಿ ಒಂದು ತಲೆಮಾರೇ ಕಳೆದಿತ್ತು. ಸತ್ತವರನ್ನು ಈಗ ಉಕ್ಕಿನ ಕೊಪ್ಪರಿಗೆಯಲ್ಲಿಟ್ಟು ನೀರಿಗೆ ಒಪ್ಪಿಸುತ್ತಿದ್ದರು. ಕೊಪ್ಪರಿಗೆಯೊಳಗಿನ ವಿಪರೀತ ಕಾವಿಗೆ, ಒತ್ತಡಕ್ಕೆ ಅದು ದ್ರವವೂ ಅಲ್ಲದ, ಆವಿಯೂ ಅಲ್ಲದ ನೀರು. ಅದರೊಳಗಿನ ರಾಸಾಯನಿಕ ಕ್ರಿಯೆಗಳನ್ನು ಅಭ್ಯಾಸ ಮಾಡುವುದು ಶಾಂಭವಿಯ ಕೆಲಸ. ಅವಳ ಪ್ರಯೋಗಾಲಯ ಸ್ಮಶಾನದ ಹಿಂಬದಿಯಲ್ಲೇ ಇತ್ತು.

ಅಂದು ಬೆಳಿಗ್ಗೆ ತುಂಗಮ್ಮ ಎಂಬ ಮುದುಕಿ ಗಂಡನ ಹೆಣವನ್ನು ಒಳಗೆ ಬಿಡಲೊಲ್ಲದೆ ಬಾಗಿಲಿಗೆ ಅಡ್ಡ ಕೂತುಬಿಟ್ಟಳು.

"ನೀರಾಗೆ ಕರಗಿಸೋಕೆ ಅವರೇನು ಉಪ್ಪಾ? ನಮ್ಮಲ್ಲಿ ಬೆಂಕಿನೇ ಕೊಡೋದು."

"ಬೆಂಕಿನೂ ಐತಮ್ಮ, ಬನ್ನಿ ತೋರಿಸ್ತೀನಿ," ಎಂದು ಶಾಂಭವಿ ಅವಳ ಕೈಹಿಡಿದು ಪ್ರಯೋಗಾಲಯಕ್ಕೆ ಕರೆದೊಯ್ದಳು. ಪರೀಕ್ಷೆಯ ಪುಟ್ಟ ಪಾತ್ರೆಯೊಳಗಿನ ಅಂಥದೇ ನೀರಿಗೆ ಒಂದಿಷ್ಟು ಮದ್ಯಸಾರ, ಆಮ್ಲಜನಕ ಹಾಯಿಸಿದಳು. ದಪ್ಪ ಗಾಜಿನ ಕಿಂಡಿಯಾಚೆ, ನೀರಿನ ನಡುವೆಯೇ, ನೀಲಿ ಜ್ವಾಲೆಯೊಂದು ಹೊತ್ತಿಕೊಂಡಿತು.

ತುಂಗಮ್ಮ ಬಹಳ ಹೊತ್ತು ನೋಡಿದಳು. "ಹೊಗೆ ಎಲ್ಲಿ?"

"ಹೊಗೆ ಬರಲ್ಲಮ್ಮ. ಎಲ್ಲಾ ನೀರಾಗೇ ಉರಿದು ಹೋಗುತ್ತೆ."

ಮುದುಕಿಯ ಕಣ್ಣು ತುಂಬಿತು. "ವಯಸ್ಸಿನಾಗೆ ಮಂಡಕ್ಕಿ ಭಟ್ಟಿ ಹೊಗೆ ಕುಡಿದೇ ಅವರ ಎದೆ ಹಾಳಾಗಿದ್ದು. ಈಗಲಾದ್ರೂ ಹೊಗೆ ಇಲ್ದಂಗೆ ಹೋಗ್ಲಿ ಬಿಡವ್ವ."

ಗಂಡನನ್ನು ಒಳಗಿಟ್ಟ ಮೇಲೆ ಕೊಪ್ಪರಿಗೆ ಚಾಲೂ ಮಾಡುವ ಗುಂಡಿಯನ್ನು ತುಂಗಮ್ಮನೇ ಒತ್ತಿದಳು. ಯಾವಾಗಲೂ ಅಳತೆಯ ಯಂತ್ರಗಳ ಮುಂದೆ ಕೂರುತ್ತಿದ್ದ ಶಾಂಭವಿ ಅಂದು ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತಳು. ಬಹಳ ಹೊತ್ತಿನ ಮೇಲೆ ಕೊಪ್ಪರಿಗೆಯ ತಳದ ನಲ್ಲಿಯಿಂದ ತಣ್ಣಗಾದ ತಿಳಿನೀರು ಸಣ್ಣಗೆ ಹರಿಯತೊಡಗಿತು. ತುಂಗಮ್ಮ ಅದಕ್ಕೆ ಕೈಯೊಡ್ಡಿ ಮೆಲ್ಲಗೆ ಹೇಳಿದಳು:

"ಒಂದ್ಸಲಾನೂ ಕೆಮ್ಮಲಿಲ್ಲ ನೋಡು."