ಪಡಸಾಲೆಯ ಸಿಂಗಾರ

ಕುರ್ಚಿಯನ್ನು ಸರಿಸಬೇಕಾದರೆ ಅದರಲ್ಲಿ ಕೂತವಳನ್ನೂ ಸರಿಸಬೇಕಿತ್ತು. ಉಗೋಯೆ ಏಳಲಿಲ್ಲ.

“ಆಂಟಿ, ಒಂಚೂರು ಏಳ್ತೀರಾ?” ಎಂದಳು ತಿಮೆಯಿನ್. ಮಾರುವ ಮನೆಗಳ ಪಡಸಾಲೆಯನ್ನು ಸಿಂಗರಿಸಿ ಕೊಡುವುದು ಅವಳ ಕಸುಬು. ಉದ್ದುದ್ದ ಉಗುರು, ಕೈಯಲ್ಲಿ ಅಳತೆಯ ಟೇಪು.

“ನನ್ನನ್ನೂ ಸಾಮಾನು ಅಂದ್ಕೊ. ಯಾವುದಾದ್ರೂ ಮೂಲೇಲಿ ಚೆಂದ ಕಾಣೋ ಹಾಗೆ ಇಟ್ಟುಬಿಡು.”

ಬಾಗಿಲಲ್ಲಿ ನಿಂತಿದ್ದ ಮೈದುನ ಒಕ್ವುದಿಲಿಗೆ ನಗು ಬರಲಿಲ್ಲ. “ಅತ್ತಿಗೆ, ಶನಿವಾರ ಗಿರಾಕಿ ಬರ್ತಾರೆ. ಅಣ್ಣ ಹೋದ ಮೇಲೆ ಮನೆ ಕುಲದ್ದು. ಹಿರಿಯರು ಮಾತು ಮುಗಿಸಿ ಆಗಿದೆ.”

“ಹಿರಿಯರು ಒಂದಾದ್ರೂ ಇಟ್ಟಿಗೆ ಹೊತ್ರಾ? ಈ ಗೋಡೆ ಅರ್ಧ ನಿಮ್ಮಣ್ಣನ ಸಂಬಳ, ಅರ್ಧ ನನ್ನ ಬಟ್ಟೆ ಅಂಗಡಿ. ನಿನ್ನ ಪಾಲು ಎಲ್ಲಿದೆ, ಬೆರಳಿಟ್ಟು ತೋರ್ಸು.”

ಗಂಡ ಅನಾಯೋನನ್ನು ಮಣ್ಣು ಮಾಡಿದ ವಾರದಿಂದಲೂ ಇದೇ ಜಗಳ. ಉಗೋಯೆ ಕಾಂಪೌಂಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದಳು: ಈ ಮನೆ ಮಾರಾಟಕ್ಕಿಲ್ಲ, ಮೋಸಗಾರರಿದ್ದಾರೆ ಎಚ್ಚರ. ಯಾರದೋ ಮನೆಯನ್ನು ಇನ್ಯಾರೋ ಮಾರಿ ಮಾಯವಾಗುವ ಲಾಗೋಸಿನಲ್ಲಿ ಆ ಸಾಲಿರುವ ಗೋಡೆಯ ಹತ್ತಿರ ಬುದ್ಧಿಯಿರುವ ಗಿರಾಕಿ ಸುಳಿಯುವುದಿಲ್ಲ. ಅವಳು ಬರೆದಾಗಲೆಲ್ಲ ಒಕ್ವುದಿಲಿ ಸುಣ್ಣ ಹೊಡೆಸಿದ. ಕೊನೆಗೆ ಕುಂಚವನ್ನು ಕಿತ್ತುಕೊಂಡು ಚರಂಡಿಗೆ ಎಸೆದ.

ಒಂದು ಹೊಸ ಡಬ್ಬಿ ಮಾತ್ರ ಉಳಿದಿತ್ತು. ಕುರ್ಚಿಯ ಕೆಳಗೆ. ಉಗೋಯೆ ಏಳದೆ ಕೂತದ್ದು ಅದಕ್ಕೇ. ಅಳತೆಗೆಂದು ಬಗ್ಗಿದ ತಿಮೆಯಿನ್ ಕಣ್ಣಿಗೆ ಅದು ಬಿದ್ದೇಬಿಟ್ಟಿತು. ಮುಚ್ಚಳ ಕೂಡ ತೆರೆಯದ ಕೆಂಪು ಬಣ್ಣ.

“ಇದು ನನ್ನ ಹತ್ರ ಇರಲಿ, ಆಂಟಿ. ಹೊರಗಡೆ ಗೋಡೆ ಮೇಲೆ ಬರೆದ್ರೆ ಅಳಿಸಿಬಿಡ್ತಾರೆ. ಯಾಕೆ ಸುಮ್ನೆ ಶ್ರಮ?”

ಒಕ್ವುದಿಲಿ ಈಗ ನಕ್ಕ. “ಭೇಷ್! ಕೊಟ್ಟ ದುಡ್ಡಿಗೆ ಮೋಸ ಇಲ್ಲ.”

ತಿಮೆಯಿನ್ ಕಸೂತಿ ಹೊದಿಕೆಗಳನ್ನು ತೆಗೆದಳು. ಪ್ಲಾಸ್ಟಿಕ್ ಹೂಗಳು ಹೋದವು. ಚರ್ಚಿನ ಕ್ಯಾಲೆಂಡರುಗಳು ಹೋದವು. ಉಳಿದದ್ದು ನಡುಗೋಡೆಯ ಮೇಲೆ ಟೊಪ್ಪಿ ಹಾಕಿಕೊಂಡು ನಿಂತ ಅನಾಯೋನ ಆಳುದ್ದದ ಫೋಟೋ.

“ಮನೆಯವರ ಮುಖ ಇರಬಾರದು, ಚೀಫ್. ಈ ಗೋಡೆ ಮೇಲೆ ಗಿರಾಕಿ ತಮ್ಮ ಮುಖ ಕಾಣಬೇಕು.”

“ತಮ್ಮ ಮುಖ ಕಾಣಬೇಕು,” ಎಂದು ಒಕ್ವುದಿಲಿ ಪಾಠ ಒಪ್ಪಿಸುವವನಂತೆ ಗುನುಗಿಕೊಂಡ.

ಅವನು ಹೋದ ಮೇಲೆ ಉಗೋಯೆ ಕೇಳಿದಳು. “ನಿನಗೆ ತಾಯಿ ಅನ್ನೋಳು ಇಲ್ವೇನೇ?”

“ಇದ್ಲು. ನಾನು ಮೊದಲು ಸಿಂಗರಿಸಿದ್ದೇ ಅವಳು ಕೂತಿದ್ದ ಪಡಸಾಲೆ. ಅಪ್ಪ ಹೋದ ಮೇಲೆ. ಚಿಕ್ಕಪ್ಪ ಹೇಳಿದ್ರು, ಮಾಡಿಕೊಟ್ಟೆ.”

“ಮಾರಾಟ ಆಯ್ತೋ?”

“ಬಲು ಬೇಗ.” ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

ಜಂಬ ಬೇರೆ, ಅಂದುಕೊಂಡಳು ಉಗೋಯೆ.

ಶುಕ್ರವಾರ ತಿಮೆಯಿನ್ ಬಾಗಿಲು ಹಾಕಿಕೊಂಡು ಒಬ್ಬಳೇ ಗೋಡೆಗಳಿಗೆ ಬಣ್ಣ ಬಳಿದಳು. ಸಂಜೆ ತೆರೆದಾಗ ಪಡಸಾಲೆ ಯಾರದೋ ಆಗಿತ್ತು. ಕೆನೆಬಣ್ಣದ ಗೋಡೆ, ಗಾಜಿನ ಬಟ್ಟಲಲ್ಲಿ ನಿಂಬೆಹಣ್ಣು. ಆದರೆ ಅನಾಯೋ ಮಾತ್ರ ತನ್ನ ಜಾಗಕ್ಕೇ ಮರಳಿದ್ದ.

“ಇದೇನು?” ಎಂದ ಒಕ್ವುದಿಲಿ.

“ಇವತ್ತೊಂದು ರಾತ್ರಿ ಆಂಟಿ ಗಲಾಟೆ ಮಾಡದೆ ಇರಲಿ ಅಂತ, ಚೀಫ್. ನಾಳೆ ಗಿರಾಕಿ ಎದುರಿಗೇ ನೀವೇ ಇಳಿಸಿ. ಯಜಮಾನ ಯಾರು ಅಂತ ಅವರಿಗೂ ಗೊತ್ತಾಗಲಿ.”

ಒಕ್ವುದಿಲಿಯ ಎದೆ ಒಂದಿಷ್ಟು ಅಗಲವಾಯಿತು.

ಶನಿವಾರ ಬೆಳಿಗ್ಗೆ ಉಗೋಯೆ ಬೇಕೆಂದೇ ಒಣಮೀನಿನ ಸಾರಿಗೆ ಇಟ್ಟಳು. ನಾರಲಿ ಮನೆ, ಬಂದವರು ಮೂಗು ಮುಚ್ಚಿ ಓಡಲಿ. ತಿಮೆಯಿನ್ ಅಡುಗೆಮನೆಗೆ ಇಣುಕಿದಾಗ ಜಗಳಕ್ಕೆ ಸೌಟು ಹಿಡಿದೇ ತಿರುಗಿದಳು.

“ಇನ್ನೊಂದು ಹಿಡಿ ಹಾಕಿ, ಆಂಟಿ. ಹಸಿ ಬಣ್ಣದ ವಾಸನೆ ಮುಚ್ಚಿಹೋಗಲಿ.”

ಉಗೋಯೆಗೆ ಸೋತಂತಾಯಿತು. ಹೋಗಿ ಮತ್ತೆ ತನ್ನ ಕುರ್ಚಿಯಲ್ಲಿ ಕೂತಳು. ಹೊತ್ತುಕೊಂಡೇ ಹೋಗಲಿ.

ಬಂಗ್ಬೋಸೆ ದಂಪತಿ ಬಂದರು. ಗಂಡ ಬೆಳಕನ್ನು ಹೊಗಳಿದ. ಹೆಂಡತಿ ಸೋಫಾ ಒತ್ತಿ ನೋಡಿದಳು, ನಿಂಬೆಹಣ್ಣು ಮೂಸಿದಳು. ಆಮೇಲೆ ಫೋಟೋದ ಮುಂದೆ ನಿಂತಳು. “ಇವರು ಯಾರು?”

ಒಕ್ವುದಿಲಿ ಇದಕ್ಕೇ ಕಾಯುತ್ತಿದ್ದ. “ನಮ್ಮಣ್ಣ. ಆದ್ರೆ ಮೇಡಂ, ಈ ಗೋಡೆ ಮೇಲೆ ನೀವು ನಿಮ್ಮ ಮುಖ ಕಾಣಬೇಕು!” ಎನ್ನುತ್ತ ಎರಡೂ ಕೈ ಚಾಚಿ ಫೋಟೋವನ್ನು ಇಳಿಸಿದ.

ಗೋಡೆಯ ಮೇಲೆ ಗೇಣುದ್ದದ ಕೆಂಪು ಅಕ್ಷರಗಳು. ಈ ಮನೆ ಮಾರಾಟಕ್ಕಿಲ್ಲ. ಮೋಸಗಾರರಿದ್ದಾರೆ, ಎಚ್ಚರ.

ಒಲೆಯ ಮೇಲೆ ಸಾರು ಕುದಿಯುವ ಸದ್ದು ಪಡಸಾಲೆಯವರೆಗೂ ಕೇಳಿಸಿತು.

“ಹೊರಗಡೆ ಗೋಡೆಗೂ ಹೊಸದಾಗಿ ಸುಣ್ಣ ಹೊಡೆಸಿದೀರಲ್ಲ,” ಎಂದಳು ಬಂಗ್ಬೋಸೆಯ ಹೆಂಡತಿ ನಿಧಾನವಾಗಿ. “ಅದರ ಅಡಿಯಲ್ಲೇನಿದೆ?”

“ಇದೇ ಇದೆ,” ಎಂದಳು ಉಗೋಯೆ. “ಬೇಕಾದ್ರೆ ಉಗುರಲ್ಲಿ ಕೆರೆದು ನೋಡಿ.”

ಬಂಗ್ಬೋಸೆ ಆಗಲೇ ಕಾರಿನ ಕೀಲಿ ತೆಗೆದಿದ್ದ. “ನಮ್ಮ ಚರ್ಚಿನಲ್ಲಿ ಮನೆ ಹುಡುಕೋರು ಬೇಕಾದಷ್ಟು ಜನ ಇದ್ದಾರೆ, ಒಕ್ವುದಿಲಿಯವರೇ. ಒಬ್ಬೊಬ್ಬರಿಗೂ ಹೇಳ್ತೀನಿ.”

“ಇದು ನಿಂದೇ ಕೆಲಸ!” ಒಕ್ವುದಿಲಿ ಅತ್ತಿಗೆಯ ಮೇಲೆ ಕೂಗಿದ. ಅಣ್ಣನ ಫೋಟೋ ಇನ್ನೂ ಅವನ ತೋಳಲ್ಲೇ ಇತ್ತು.

ಉಗೋಯೆ ಆ ಅಕ್ಷರಗಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡಳು.

“ಹೌದು, ನಂದೇ. ಸುಣ್ಣ ಹೊಡೆಸು, ಮತ್ತೆ ಬರೀತೀನಿ. ಗೋಡೆ ಕೆಡವು, ನೆಲದ ಮೇಲೆ ಬರೀತೀನಿ. ನೆಲ ಅಗೆದ್ರೆ ನಿನ್ನ ಬೆನ್ನ ಮೇಲೆ ಬರೀತೀನಿ, ಊರೆಲ್ಲಾ ಹೊತ್ಕೊಂಡು ತಿರುಗು!”

ಒಕ್ವುದಿಲಿ ಫೋಟೋವನ್ನು ಸೋಫಾದ ಮೇಲಿಟ್ಟು ದಂಪತಿಯ ಹಿಂದೆ ಗೇಟಿಗೆ ಓಡಿದ.

ತಿಮೆಯಿನ್ ನಿಂಬೆಹಣ್ಣುಗಳನ್ನು ಚೀಲಕ್ಕೆ ತುಂಬಿಕೊಂಡಳು. ಹೊರಡುವ ಮುನ್ನ ಅದೇ ಚೀಲದಿಂದ ಬಣ್ಣದ ಡಬ್ಬಿಯನ್ನು ತೆಗೆದು ಉಗೋಯೆಯ ಮಡಿಲಿಗೆ ಇಟ್ಟಳು. ಉಗೋಯೆ ಒಮ್ಮೆಯೂ ಮುಚ್ಚಳ ತೆರೆದಿರದ ಆ ಡಬ್ಬಿ ಅರ್ಧಕ್ಕರ್ಧ ಹಗುರವಾಗಿತ್ತು.

“ಉಳಿದದ್ದು ಗೇಟಿಗೆ, ಆಂಟಿ.”